ದಿನವೂ ಆಡುವ ಮನೆಗೆ ಎಂಥ ಚೆಸ್ ಸೆಟ್ ತರಬೇಕು?

ಪ್ರಶ್ನೆ: ಉಡುಪಿ ಹತ್ತಿರ ನಮ್ಮ ಮನೆ. ನಾವಿಬ್ಬರು, ಹನ್ನೆರಡು ಮತ್ತು ಒಂಬತ್ತು ವರ್ಷದ ಮಕ್ಕಳಿಬ್ಬರು, ದಿನಾ ಸಂಜೆ ಚೆಸ್ ಆಡುತ್ತೇವೆ. ಮೂರು ವರ್ಷದ ಹಿಂದೆ ಪ್ರವಾಸಕ್ಕೆ ಹೋದಾಗ ಮಡಚುವ ಮರದ ಸೆಟ್ ತಂದಿದ್ದೆವು. ನೋಡಲು ಚೆಂದವಿತ್ತು. ಒಂದೇ ಮಳೆಗಾಲಕ್ಕೆ ಬೋರ್ಡು ಡೊಂಕಾಯಿತು, ಕಾಯಿಗಳ ಬುಡದ ಬಟ್ಟೆ ಕಿತ್ತು ಬಂತು, ರಾಜನ ಶಿಲುಬೆ ಮುರಿಯಿತು, ಕುದುರೆಯ ಕಿವಿ ಹೋಯಿತು. ಈ ಸಲ ಹತ್ತು ಸಾವಿರದೊಳಗೆ, ಬಹುಕಾಲ ಬಾಳುವ, ಮೇಜಿನ ಮೇಲಿಟ್ಟರೆ ಕಣ್ಣಿಗೂ ಹಿತವಾಗುವ ಸೆಟ್ ಬೇಕು. ಏನೇನು ನೋಡಿ ಕೊಳ್ಳಬೇಕು? ಹಳೆಯದನ್ನು ಸರಿಪಡಿಸಬಹುದೇ? ಷಿಕಾಗೋದಲ್ಲಿರುವ ತಮ್ಮನಿಗೂ ಅಂಥದ್ದೇ ಒಂದು ಕಳಿಸುವ ಆಸೆಯಿದೆ.

ಉತ್ತರ: ನಿಮ್ಮ ಹಳೆಯ ಸೆಟ್ಟಿಗೆ ಆದ ನಾಲ್ಕೂ ಹಾನಿಗೆ ಬೇರೆ ಬೇರೆ ಕಾರಣಗಳಿವೆ. ನಾಲ್ಕನ್ನೂ ಕೊಳ್ಳುವ ಹೊತ್ತಿನಲ್ಲೇ ಗುರುತಿಸಬಹುದಿತ್ತು. ಅದು ಹೇಗೆಂದು ಮುಂದೆ ಹೇಳುತ್ತೇನೆ. ಮೊದಲು ನೇರ ಉತ್ತರ: ಸ್ಟಾಂಟನ್ ಮಾದರಿಯ ಕಾಯಿಗಳು, ರಾಜನ ಎತ್ತರ 95 ಮಿಲಿಮೀಟರ್, ಬಿಳಿಗೆ ಬಾಕ್ಸ್‌ವುಡ್, ಕಪ್ಪಿಗೆ ಶೀಶಮ್, ಬುಡದಲ್ಲಿ ತೂಕ ತುಂಬಿರಬೇಕು. ಬೋರ್ಡು ಮಡಚುವಂಥದ್ದು ಬೇಡ. ಒಂದೊಂದು ಮನೆ (ಚೌಕ) 55ರಿಂದ 57 ಮಿಮೀ ಇರುವ, ಮಂದ ಮೆರುಗಿನ ವೆನೀರ್ (ತೆಳು ಮರದ ಹಾಳೆ ಅಂಟಿಸಿದ) ಬೋರ್ಡು ಸಾಕು. ಹಣವನ್ನು ಐದು ಪಾಲು ಮಾಡಿದರೆ ಮೂರು ಪಾಲು ಕಾಯಿಗೆ, ಎರಡು ಪಾಲು ಬೋರ್ಡಿಗೆ. ಬೋರ್ಡನ್ನು ಮುಂದೆ ಯಾವಾಗ ಬೇಕಾದರೂ ಬದಲಿಸಬಹುದು. ದಿನಾ ಕೈಯಲ್ಲಿ ಹಿಡಿಯುವುದು ಕಾಯಿಯನ್ನು.

ಸ್ಟಾಂಟನ್ ಎಂಬುದು ಕಂಪನಿಯ ಹೆಸರಲ್ಲ, ಆಕಾರದ ಹೆಸರು. 1849ರಲ್ಲಿ ನಥಾನಿಯೆಲ್ ಕುಕ್ ಎಂಬವರ ಹೆಸರಿನಲ್ಲಿ ಈ ವಿನ್ಯಾಸ ಇಂಗ್ಲೆಂಡಿನಲ್ಲಿ ನೋಂದಣಿಯಾಯಿತು. ತಯಾರಿಸಿದ್ದು ಲಂಡನ್ನಿನ ಜಾಕ್ಸ್ ಸಂಸ್ಥೆ. ಆ ಕಾಲದ ಪ್ರಮುಖ ಆಟಗಾರ ಹೊವಾರ್ಡ್ ಸ್ಟಾಂಟನ್ ಅದಕ್ಕೆ ತಮ್ಮ ಹೆಸರು ಕೊಟ್ಟರು. ಅದಕ್ಕೂ ಮುಂಚೆ ಯುರೋಪಿನಲ್ಲಿ ಚಾಲ್ತಿಯಲ್ಲಿದ್ದ ಹಲವು ಸೆಟ್ಟುಗಳ ಕಾಯಿಗಳು ಎತ್ತರಕ್ಕೆ ಸಪೂರವಾಗಿದ್ದು, ಕೈ ತಾಗಿದರೆ ಉರುಳುತ್ತಿದ್ದವು. ಮಂತ್ರಿ ಯಾವುದು, ಒಂಟೆ ಯಾವುದು ಎಂದು ದೂರದಿಂದ ತಿಳಿಯುತ್ತಿರಲಿಲ್ಲ. ಸ್ಟಾಂಟನ್ ಮಾದರಿಯಲ್ಲಿ ಬುಡ ಅಗಲ, ನಡು ಸಪೂರ, ತಲೆಯಲ್ಲಿ ಒಂದೊಂದಕ್ಕೂ ಸ್ಪಷ್ಟ ಗುರುತು. ಇಂದಿಗೂ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆ ತನ್ನ ಪಂದ್ಯಗಳಿಗೆ ಇದೇ ಆಕಾರವನ್ನು ಒಪ್ಪುತ್ತದೆ. ರಾಜಸ್ಥಾನಿ ಆನೆ ಅಂಬಾರಿಯ ಕೆತ್ತನೆ, ರೋಮನ್ ಸೈನಿಕರ ಲೋಹದ ಕಾಯಿಗಳು, ಅಮೃತಶಿಲೆಯ ಸೆಟ್ಟುಗಳು ಗಾಜಿನ ಕಪಾಟಿಗೆ ಶೋಭೆ. ದಿನಕ್ಕೆ ಎರಡು ಆಟವೆಂದರೂ ವರ್ಷಕ್ಕೆ ಕಾಯಿಗಳನ್ನು ಸಾವಿರಾರು ಸಲ ಎತ್ತಿ ಇಳಿಸುತ್ತೀರಿ. ಅಷ್ಟು ಬಳಕೆಯನ್ನು ಹೊರಚಾಚಿದ ಸೊಂಡಿಲು ತಡೆಯುವುದಿಲ್ಲ.

ಇನ್ನು ಅಳತೆ. ಅಂಗಡಿಯಲ್ಲಿ "ಹದಿನಾಲ್ಕು ಇಂಚಿನ ಸೆಟ್, ಹದಿನಾರು ಇಂಚಿನ ಸೆಟ್" ಎನ್ನುತ್ತಾರಲ್ಲ, ಅದು ಬೋರ್ಡಿನ ಹೊರ ಅಂಚಿನ ಅಳತೆ. ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ. ಕೇಳಬೇಕಾದ್ದು ಮೂರು ಅಳತೆ: ರಾಜನ ಎತ್ತರ, ರಾಜನ ಬುಡದ ವ್ಯಾಸ, ಬೋರ್ಡಿನ ಒಂದು ಮನೆಯ ಅಗಲ. ಫಿಡೆ ಸೂಚಿಸುವ ಎತ್ತರಗಳು ಹೀಗಿವೆ: ರಾಜ 9.5 ಸೆಂಮೀ, ಮಂತ್ರಿ 8.5, ಒಂಟೆ 7, ಕುದುರೆ 6, ಆನೆ 5.5, ಕಾಲಾಳು 5. ಬುಡದ ವ್ಯಾಸ ಎತ್ತರದ ಶೇ 40ರಿಂದ 50ರಷ್ಟಿರಬೇಕು, ಮನೆಯ ಅಗಲ 5ರಿಂದ 6 ಸೆಂಮೀ. ಒಂದೆರಡು ಮಿಲಿಮೀಟರ್ ಆಚೀಚೆಯಾದರೆ ಚಿಂತೆಯಿಲ್ಲ, ಆದರೆ ಅನುಪಾತ ತಪ್ಪಬಾರದು.

ಅನುಪಾತ ನೋಡಲು ಎರಡು ಪರೀಕ್ಷೆ ಸಾಕು. ಒಂದು, ರಾಜನ ಬುಡ ಮನೆಯ ಅಗಲದ ಮುಕ್ಕಾಲು ಪಾಲು, ಅಥವಾ ಅದಕ್ಕಿಂತ ತುಸು ಹೆಚ್ಚು ಇರಬೇಕು. 55 ಮಿಮೀ ಮನೆಗೆ 42–43 ಮಿಮೀ ಬುಡ ಹೇಳಿ ಮಾಡಿಸಿದಂತೆ ಕೂರುತ್ತದೆ. ಎರಡು, ಒಂದೇ ಮನೆಯೊಳಗೆ ನಾಲ್ಕು ಕಾಲಾಳು ಒತ್ತಾಗಿ ಹಿಡಿಯಬೇಕು. ಹಿಡಿಯದಿದ್ದರೆ ಆಟದ ನಡುಘಟ್ಟದಲ್ಲಿ ಬೋರ್ಡಿನ ಮಧ್ಯೆ ಸಂತೆಯಂತಾಗುತ್ತದೆ. ಬೆರಳು ತೂರಿಸಿ ಒಂದು ಕಾಯಿ ಎತ್ತುವಾಗ ಪಕ್ಕದ್ದು ಉರುಳುತ್ತದೆ, ಹಾಗೆ ಉರುಳಿದಾಗಲೇ ಶಿಲುಬೆ, ಕಿವಿ ಮುರಿಯುವುದು. ನಾಲ್ಕು ಕಾಲಾಳು ನಿಂತ ಮೇಲೂ ಬಹಳ ಜಾಗ ಉಳಿದರೆ ಕಾಯಿಗಳು ಬಯಲಿನಲ್ಲಿ ನಿಂತ ಕುರಿಗಳಂತೆ ಕಾಣುತ್ತವೆ, ಯಾವುದು ಯಾವ ಮನೆಯದೆಂದು ಗೊಂದಲವಾಗುತ್ತದೆ. ಪ್ರವಾಸಿ ಸ್ಥಳಗಳ ಮಡಚುವ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಮನೆ 35–40 ಮಿಮೀ, ರಾಜ 70 ಮಿಮೀ ಆಸುಪಾಸು. ಕಾಯಿಗಳೆಲ್ಲ ಪೆಟ್ಟಿಗೆಯೊಳಗೆ ಹಿಡಿಯಬೇಕು ಎಂಬುದೇ ಅಲ್ಲಿ ಅಳತೆಗೋಲು. ಆಡುವವರ ಕೈಬೆರಳಿನ ಲೆಕ್ಕ ಅಲ್ಲಿಲ್ಲ.

ತೂಕದ ವಿಷಯವನ್ನು ಹೆಚ್ಚಿನವರು ತಪ್ಪಾಗಿ ತಿಳಿಯುತ್ತಾರೆ. ಭಾರ ಹೆಚ್ಚಿದಷ್ಟೂ ಒಳ್ಳೆಯದು ಎಂದಲ್ಲ, ಭಾರ ಕೆಳಗಿರಬೇಕು. 95 ಮಿಮೀ ರಾಜನ ಬುಡ 42 ಮಿಮೀ ಎಂದುಕೊಳ್ಳಿ. ತೂಕವಿಲ್ಲದ ಮರದ ಕಾಯಿಯ ಗುರುತ್ವ ಕೇಂದ್ರ ಸುಮಾರು 38 ಮಿಮೀ ಎತ್ತರದಲ್ಲಿದ್ದರೆ ಅದು 29 ಡಿಗ್ರಿ ವಾಲಿದಾಗಲೇ ಬೀಳುತ್ತದೆ. ಬುಡದಲ್ಲಿ ಕಬ್ಬಿಣದ ಬಿಲ್ಲೆ ಇಟ್ಟು ಆ ಕೇಂದ್ರವನ್ನು 25 ಮಿಮೀಗೆ ಇಳಿಸಿದರೆ 40 ಡಿಗ್ರಿ ವಾಲಿದರೂ ತಾನೇ ಎದ್ದು ನಿಲ್ಲುತ್ತದೆ. ಅಂಗಡಿಯಲ್ಲಿ ರಾಜನನ್ನು ಬೆರಳಿನಿಂದ ಮೂವತ್ತು ಡಿಗ್ರಿಯಷ್ಟು ವಾಲಿಸಿ ಬಿಡಿ. ಎದ್ದು ನಿಂತರೆ ಪಾಸು. ಈ ಅಳತೆಯ ರಾಜ 50ರಿಂದ 70 ಗ್ರಾಂ ಇದ್ದರೆ ಕೈಗೆ ಹದ. ಅದಕ್ಕಿಂತ ತೀರಾ ಭಾರವಾದರೆ ಬಿದ್ದಾಗ ತನ್ನ ಭಾರಕ್ಕೆ ತಾನೇ ಮುರಿಯುತ್ತದೆ, ಬೋರ್ಡಿಗೂ ಗುಳಿ ಬೀಳುತ್ತದೆ. "ಡಬಲ್ ವೆಯ್ಟ್", "ಟ್ರಿಪಲ್ ವೆಯ್ಟ್" ಎಂಬ ಮಾತುಗಳಿಗೆ ಯಾವ ಮಾನದಂಡವೂ ಇಲ್ಲ. ಒಬ್ಬರ ಟ್ರಿಪಲ್ ಇನ್ನೊಬ್ಬರ ಸಿಂಗಲ್ ಆಗಿರಬಹುದು. ಗ್ರಾಂ ಲೆಕ್ಕದಲ್ಲಿ ಕೇಳಿ.

ಇಲ್ಲೊಂದು ಸೂಕ್ಷ್ಮವಿದೆ, ಗಮನಿಸಿ. ತೂಕ ತುಂಬಲು ಬುಡವನ್ನು ಕೊರೆದು ಕಬ್ಬಿಣದ ಬಿಲ್ಲೆ ಕೂರಿಸುತ್ತಾರೆ. ಮರ ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ, ಕಬ್ಬಿಣ ಕುಗ್ಗುವುದಿಲ್ಲ. ಹಸಿ ಮರದಲ್ಲಿ ಬಿಲ್ಲೆಯನ್ನು ಬಿಗಿಯಾಗಿ ಜಡಿದಿದ್ದರೆ, ಮರ ಒಣಗಿ ಕುಗ್ಗುವಾಗ ಬುಡ ಸೀಳುತ್ತದೆ. ಚೆಸ್ ಕಾಯಿಗಳಲ್ಲಿ ಬುಡದಿಂದ ಮೇಲಕ್ಕೆ ಏಳುವ ಬಿರುಕುಗಳಿಗೆ ಬಹುಪಾಲು ಕಾರಣ ಇದೇ. ಒಳ್ಳೆಯ ತಯಾರಕರು ಹದವಾಗಿ ಒಣಗಿಸಿದ ಮರ ಬಳಸುತ್ತಾರೆ, ಬಿಲ್ಲೆಯ ಸುತ್ತ ತುಸು ಸಡಿಲ ಬಿಟ್ಟು ಅಂಟಿನಿಂದ ಹಿಡಿಸುತ್ತಾರೆ. ಅಂಟು ಕಡಿಮೆಯಾದರೆ ಬಿಲ್ಲೆ ಒಳಗೆ ಅಲುಗುತ್ತದೆ. ಪ್ರತಿ ಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ: ಟಿಕ್ ಟಿಕ್ ಸದ್ದು ಬಂದರೆ ಬೇಡ. ಮಕ್ಕಳಿರುವ ಮನೆಯಾದ್ದರಿಂದ ತೂಕಕ್ಕೆ ಸೀಸ ಬಳಸಿಲ್ಲವೆಂದು ಕೇಳಿ ಖಚಿತಪಡಿಸಿಕೊಳ್ಳಿ. ಹಳೆಯ ಸೆಟ್ಟುಗಳಲ್ಲಿ ಸೀಸವಿರುವುದು ಸಾಮಾನ್ಯ.

ಈಗ ಮರ. ಬಿಳಿ ಕಾಯಿಗೆ ಬಾಕ್ಸ್‌ವುಡ್ ಎಂದು ಮಾರುವುದು ಒತ್ತಾದ ಎಳೆಯ, ಕೆನೆಬಣ್ಣದ ಮರ. ತಿರುಗಣಿಯಲ್ಲಿ (ಲೇತ್) ಚೂಪಾದ ಅಂಚು ಹಿಡಿಯುತ್ತದೆ, ವರ್ಷ ಕಳೆದಂತೆ ಹಳೆಯ ದಂತದ ಹಾಗೆ ಹಳದಿಗೆ ತಿರುಗುತ್ತದೆ. ಹಾಗೆ ತಿರುಗುವುದು ದೋಷವಲ್ಲ, ಅದೇ ಅದರ ಚೆಲುವು. ಕಪ್ಪು ಕಾಯಿಗೆ ಆಯ್ಕೆ ಹೆಚ್ಚು, ಮೋಸವೂ ಹೆಚ್ಚು. ಅತಿ ಅಗ್ಗದ್ದು "ಎಬನೈಸ್ಡ್": ಅದೇ ಬಿಳಿ ಮರಕ್ಕೆ ಕಪ್ಪು ಬಣ್ಣ. ಹೊಸದರಲ್ಲಿ ಎಬೊನಿ ಎಂಬ ಕರಿಮರದಂತೆಯೇ ಕಾಣುತ್ತದೆ. ಆದರೆ ಹಿಡಿಯುವ ಜಾಗದಲ್ಲಿ, ರಾಜನ ಕೊರಳು ಮತ್ತು ಕಾಲಾಳಿನ ತಲೆಯಲ್ಲಿ, ಎರಡು ಮೂರು ವರ್ಷಕ್ಕೆ ಬಣ್ಣ ಸವೆದು ಬಿಳುಪು ಇಣುಕುತ್ತದೆ. ಬೆವರುವ ಕೈಗೆ ಬಣ್ಣ ಹತ್ತುವುದೂ ಉಂಟು. ಒದ್ದೆ ಮಾಡಿ ಹಿಂಡಿದ ಬಿಳಿ ಬಟ್ಟೆಯಿಂದ ಬುಡದ ಅಂಚನ್ನು ಹತ್ತು ಸಲ ಉಜ್ಜಿದರೆ ಗೊತ್ತಾಗುತ್ತದೆ.

ಶೀಶಮ್ ಕಂದು ಬಣ್ಣದ್ದು, ಎಳೆ ಎದ್ದು ಕಾಣುತ್ತದೆ, ಬಣ್ಣ ಒಳಗಿನದೇ ಆದ್ದರಿಂದ ಸವೆದಷ್ಟೂ ನುಣುಪಾಗುತ್ತದೆ. "ರೋಸ್‌ವುಡ್", "ಗೋಲ್ಡನ್ ರೋಸ್‌ವುಡ್" ಎಂದು ಚೆಸ್ ವ್ಯಾಪಾರದಲ್ಲಿ ಕರೆಯುವುದು ಸಾಮಾನ್ಯವಾಗಿ ಇದನ್ನೇ. ನಮ್ಮ ಮಲೆನಾಡಿನ ಬೀಟೆ ಇದರ ಸೋದರ ಜಾತಿ. ಎರಡೂ ಡಾಲ್ಬರ್ಜಿಯಾ ಕುಲದವು, ಆದರೆ ಒಂದೇ ಮರವಲ್ಲ. ಬೀಟೆ ಇನ್ನಷ್ಟು ಗಾಢ, ನೇರಳೆ ಛಾಯೆ, ಬೆಲೆಯೂ ಹೆಚ್ಚು. ಶೀಶಮ್‌ಗೆ ಬೀಟೆಯ ಬೆಲೆ ಕೊಡಬೇಡಿ. ಪಡೌಕ್ ಎಂಬ ಕೆಂಪು ಮರದ ಕಾಯಿಗಳು ಫೋಟೋದಲ್ಲಿ ಕಣ್ಸೆಳೆಯುತ್ತವೆ. ಬೆಳಕು ಗಾಳಿ ತಾಗುತ್ತ ಆ ಕೆಂಪು ಕಂದಿಗೆ ತಿರುಗುತ್ತದೆಂದು ತಿಳಿದೇ ಕೊಳ್ಳಿ. ನಿಜವಾದ ಎಬೊನಿ ಬಲು ಗಟ್ಟಿ, ನೀರಿಗೆ ಹಾಕಿದರೆ ಮುಳುಗುವಷ್ಟು ಭಾರ. ಅಷ್ಟೇ ಪೆಡಸು ಕೂಡ. ಹವೆಯ ಏರುಪೇರಿಗೆ ಬೇಗ ಬಿರಿಯುವುದು, ಸಿಮೆಂಟು ನೆಲಕ್ಕೆ ಬಿದ್ದರೆ ಸಿಡಿಯುವುದು ಇದೇ. ನಿಮ್ಮ ಬಜೆಟ್ಟಿಗೆ ಅದು ಹತ್ತುವುದಿಲ್ಲ. ಹತ್ತಿದರೂ ಒಂಬತ್ತು ವರ್ಷದ ಮಗುವಿರುವ ಮನೆಗೆ ಶೀಶಮ್ಮೇ ವಾಸಿ ಎನ್ನುತ್ತೇನೆ.

ಕುದುರೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಸೆಟ್ಟಿನ ಯೋಗ್ಯತೆ ತಿಳಿಯುವುದು ಅಲ್ಲೇ. ರಾಜ, ಮಂತ್ರಿ, ಒಂಟೆ, ಆನೆ, ಕಾಲಾಳು ಐದೂ ಮೂಲತಃ ತಿರುಗಣಿಯ ಕೆಲಸ: ಮರ ಗಿರಗಿರ ತಿರುಗುತ್ತದೆ, ಉಳಿ ಹಿಡಿದರೆ ಆಕಾರ ಮೂಡುತ್ತದೆ. ಕುದುರೆಯ ತಲೆ ದುಂಡಗಿಲ್ಲ, ಹಾಗಾಗಿ ಅದನ್ನು ಕೈಯಲ್ಲೇ ಕೆತ್ತಬೇಕು. ಭಾರತದಲ್ಲಿ ಮರದ ಚೆಸ್ ಸೆಟ್ಟುಗಳ ದೊಡ್ಡ ಕೇಂದ್ರ ಪಂಜಾಬಿನ ಅಮೃತಸರ. ಜಗತ್ತಿನ ಬೇರೆ ಬೇರೆ ಹೆಸರುಗಳಲ್ಲಿ ಮಾರಾಟವಾಗುವ ಮರದ ಕಾಯಿಗಳು ಬಹಳಷ್ಟು ಅಲ್ಲಿಂದಲೇ ಹೋಗುತ್ತವೆ. ಅಲ್ಲಿ ಕುದುರೆ ಕೆತ್ತುವವರದ್ದು ಬೇರೆಯೇ ಪರಿಣತಿ. ಒಂದು ಸೆಟ್ಟಿನ ಬೆಲೆಯಲ್ಲಿ ನಾಲ್ಕು ಕುದುರೆಗಳದೇ ದೊಡ್ಡ ಪಾಲು. ಒಂದೇ ಮರ, ಒಂದೇ ಎತ್ತರದ ಎರಡು ಸೆಟ್ಟಿನ ನಡುವೆ ಬೆಲೆ ಎರಡು ಮೂರು ಪಟ್ಟು ವ್ಯತ್ಯಾಸವಾದರೆ ಮೊದಲು ಕುದುರೆಯನ್ನು ನೋಡಿ, ಉತ್ತರ ಅಲ್ಲೇ ಸಿಗುತ್ತದೆ.

ಹಾಗೆಂದು ಅತಿ ಕುಸುರಿಯ ಕುದುರೆಯೇ ಒಳ್ಳೆಯದು ಎಂದಲ್ಲ. ಕೇಸರದ ಒಂದೊಂದು ಕೂದಲು, ತೆರೆದ ಬಾಯಿ, ಹಲ್ಲು, ನೆಟ್ಟಗೆ ನಿಂತ ತೆಳು ಕಿವಿ ಇರುವ ಕುದುರೆ ನೋಡಲು ಸೊಗಸು, ಆಡಲು ಅಲ್ಲ. ಬೆವರು, ಧೂಳು ಆ ಸಂದುಗಳಲ್ಲಿ ಕೂತು ಕಪ್ಪಾಗುತ್ತದೆ. ಕಿವಿ ಮುರಿಯುವುದಕ್ಕೆ ಇನ್ನೊಂದು ಕಾರಣ ಮರದ ಎಳೆಯ ದಿಕ್ಕು. ಎಳೆ ಬುಡದಿಂದ ತಲೆಗೆ ನೇರ ಹೋಗುತ್ತದೆ. ಮೇಲ್ಮುಖವಾದ ಕಿವಿಗೆ ಬಲವಿರುತ್ತದೆ, ಆದರೆ ಮುಂದಕ್ಕೋ ಹಿಂದಕ್ಕೋ ಚಾಚಿದ ಕಿವಿ ಮತ್ತು ಮೂತಿಯಲ್ಲಿ ಎಳೆ ಅಡ್ಡ ಬರುತ್ತದೆ, ಅಲ್ಲಿ ಸಣ್ಣ ಪೆಟ್ಟಿಗೂ ಕಳಚುತ್ತದೆ. ಕಿವಿಗಳು ತಲೆಗೆ ಒತ್ತಿಕೊಂಡಿರುವ, ಕುತ್ತಿಗೆ ದಪ್ಪಗಿರುವ, ಮೂತಿ ಎದೆಯ ಕಡೆಗೆ ಬಾಗಿರುವ ಕುದುರೆಯನ್ನು ಆರಿಸಿ. ಇದೇ ದೃಷ್ಟಿಯಿಂದ ನೋಡಬೇಕಾದ ಇನ್ನೊಂದು ಮಾದರಿ ಡುಬ್ರೊವ್ನಿಕ್. 1950ರಲ್ಲಿ ಯುಗೊಸ್ಲಾವಿಯದ ಡುಬ್ರೊವ್ನಿಕ್ ನಗರದಲ್ಲಿ ನಡೆದ ಒಲಿಂಪಿಯಾಡ್‌ಗೆಂದು ಮಾಡಿದ್ದು. ಬಾಬಿ ಫಿಷರ್ ಮೆಚ್ಚಿದ ಸೆಟ್ ಎಂದೇ ಪ್ರಸಿದ್ಧ. ಅದರಲ್ಲಿ ರಾಜನ ತಲೆಯಲ್ಲಿ ಶಿಲುಬೆಯಿಲ್ಲ, ಬದಲಿಗೆ ಗುಂಡುಗುಂಡಾದ ತುದಿ. ಕುದುರೆ ಸರಳ, ನಯ. ಮುರಿಯುವ ಮೊನೆಗಳೇ ಕಡಿಮೆ. ಅಮೃತಸರದ ತಯಾರಕರು ಇದರ ಪ್ರತಿಗಳನ್ನೂ ಮಾಡುತ್ತಾರೆ. ನಿಮ್ಮ ಮನೆಯಲ್ಲಿ ಶಿಲುಬೆ ಮುರಿಯುವುದೇ ತಲೆನೋವಾಗಿದ್ದರೆ ಇದನ್ನು ಗಂಭೀರವಾಗಿ ಯೋಚಿಸಿ.

ಸ್ಟಾಂಟನ್ ಮಾದರಿಯನ್ನೇ ಕೊಳ್ಳುವುದಾದರೆ ಶಿಲುಬೆಯ ನಡು ಮೂರು ಮಿಮೀಗಿಂತ ತೆಳುವಾಗಿರಬಾರದು. ಮಂತ್ರಿಯ ಕಿರೀಟದ ಹಲ್ಲುಗಳು ಮೊಂಡಾಗಿದ್ದಷ್ಟೂ ವಾಸಿ. ಒಂಟೆಯ ತಲೆಯ ಸೀಳು ಆಳವಾಗಿ ಎದುರು ಬದಿಯ ಹತ್ತಿರ ಹೋಗಿದ್ದರೆ ಬೇಡ, ಉಳಿದ ತುಂಡು ಒಂದು ದಿನ ಹಾರಿ ಹೋಗುತ್ತದೆ.

ನಮ್ಮ ರಾಜ್ಯದ ಕೆಲಸದ ಬಗ್ಗೆ ನೀವು ಕೇಳಿಲ್ಲ, ಆದರೂ ಈ ಪ್ರಶ್ನೆ ಬಂದೇ ಬರುತ್ತದೆ. ಚನ್ನಪಟ್ಟಣದ ಅರಗಿನ ಕಾಯಿಗಳು ಹಾಲೆ ಮರದವು. ಮರ ನಯವಾದ ಎಳೆಯದು, ಹಗುರ, ಮೆದು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಘರ್ಷಣೆಯ ಬಿಸಿಗೆ ಅರಗು ಕರಗಿ ಹಿಡಿಯುತ್ತದೆ, ತಾಳೆಗರಿಯಿಂದ ತೀಡಿ ಮೆರುಗು ಕೊಡುತ್ತಾರೆ. ಎಳೆಯ ಮಕ್ಕಳ ಕೈಗೆ ಇದಕ್ಕಿಂತ ಮುದ್ದಾದ ಕಾಯಿ ಇಲ್ಲ. ದಿನದ ಗಂಭೀರ ಆಟಕ್ಕೆ ಎರಡು ತೊಡಕು: ಬುಡದಲ್ಲಿ ತೂಕ ಇರುವುದು ಅಪರೂಪ, ಮತ್ತು ಅರಗು ಬಿಸಿಗೆ ಮೆತ್ತಗಾಗುತ್ತದೆ, ಸ್ಪಿರಿಟ್ಟಿಗೆ ಕರಗುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಮುಟ್ಟಿದರೆ ಬೆರಳಚ್ಚು ಅಲ್ಲೇ ಕೂರುತ್ತದೆ. ಮೈಸೂರಿನ ಕೆತ್ತುಕೂಡಿಕೆಯ (ಇನ್‌ಲೇ) ಬೋರ್ಡುಗಳಲ್ಲಿ ಚಿತ್ತಾರ ಅಂಚಿನ ಪಟ್ಟಿಯಲ್ಲಷ್ಟೇ ಇದ್ದರೆ ಧಾರಾಳವಾಗಿ ಕೊಳ್ಳಿ. ಮನೆಗಳೊಳಗೂ ಹೂಬಳ್ಳಿ ಇದ್ದರೆ ಕಾಯಿ ಎಲ್ಲಿದೆ ಎಂದು ಕಣ್ಣು ಹುಡುಕಬೇಕಾಗುತ್ತದೆ. ಕುದುರೆಯ ನಡೆಯಲ್ಲಿ ಅರವತ್ತನಾಲ್ಕು ಮನೆ ಸುತ್ತುವ ಬಂಧಗಳನ್ನು ರಚಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ ಊರಿನ ಬೋರ್ಡು ಎಂಬ ಪ್ರೀತಿ ಬೇರೆ. ಆ ಪ್ರೀತಿಗೆ ಕೊಂಡರೆ ಗೋಡೆಯ ಪಕ್ಕದ ಸಣ್ಣ ಮೇಜಿನಲ್ಲಿಡಿ.

ಬೋರ್ಡು ಡೊಂಕಾದದ್ದೇಕೆ ಎಂಬುದಕ್ಕೆ ಬರೋಣ. ಮರ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. 450 ಮಿಮೀ ಅಗಲದ ಗಟ್ಟಿ ಮರದ ಹಲಗೆ ಕರಾವಳಿಯ ಬೇಸಿಗೆಗೂ ಮಳೆಗಾಲಕ್ಕೂ ನಡುವೆ ಕೆಲವು ಮಿಲಿಮೀಟರ್ ಹಿಗ್ಗಬಲ್ಲದು. ಸುತ್ತ ಚೌಕಟ್ಟು ಬಿಗಿಯಾಗಿ ಅಂಟಿಸಿದ್ದರೆ ಹಿಗ್ಗಲು ಜಾಗವಿಲ್ಲದೆ ಹಲಗೆ ಉಬ್ಬುತ್ತದೆ, ಇಲ್ಲವೇ ಚೌಕಟ್ಟಿನ ಮೂಲೆ ಬಾಯಿ ಬಿಡುತ್ತದೆ. ಎರಡನೆಯ ಕಾರಣ ಇನ್ನೂ ಸಾಮಾನ್ಯ: ಮೇಲ್ಮೈಗೆ ಮಾತ್ರ ಪಾಲಿಶ್ ಹೊಡೆದು ಅಡಿಭಾಗವನ್ನು ಹಾಗೇ ಬಿಟ್ಟಿರುತ್ತಾರೆ. ಅಡಿಯಿಂದ ತೇವ ಹೀರಿ ಒಂದು ಬದಿ ಮಾತ್ರ ಹಿಗ್ಗಿದಾಗ ಬೋರ್ಡು ಹಪ್ಪಳದಂತೆ ಬಾಗುತ್ತದೆ. ಹಾಗಾಗಿ "ಗಟ್ಟಿ ಮರದ್ದೇ ಬೇಕು" ಎಂಬ ಹಠ ಬಿಡಿ. ಪ್ಲೈವುಡ್ ಅಥವಾ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಮೇಲೆ ಎರಡೂ ಬದಿಗೆ ವೆನೀರ್ ಅಂಟಿಸಿದ, 12ರಿಂದ 18 ಮಿಮೀ ದಪ್ಪದ ಬೋರ್ಡು ಉಡುಪಿಯ ಹವೆಗೆ ಹೆಚ್ಚು ಸ್ಥಿರ. ಎಂಡಿಎಫ್ ಆಗಿದ್ದರೆ ಅಂಚುಗಳು ಪೂರ್ತಿ ಮುಚ್ಚಿರಬೇಕು, ಅಂಚು ತೆರೆದಿದ್ದರೆ ತೇವ ಕುಡಿದು ಬಿಸ್ಕತ್ತಿನಂತೆ ಊದುತ್ತದೆ. ಇಂಥ ಬೋರ್ಡು ಕೊಂಡ ಮೇಲೆ ಮಾಡಬೇಕಾದ ಒಂದೇ ಕೆಲಸ: ಅಡಿಭಾಗಕ್ಕೆ ಪಾಲಿಶ್ ಇಲ್ಲವಾದರೆ ಬೇಸಿಗೆಯ ಒಣ ದಿನ ಪಾಲಿಯುರೆಥೇನ್ ವಾರ್ನಿಶ್ಶನ್ನು ತೆಳ್ಳಗೆ ಎರಡು ಕೋಟ್ ಹೊಡೆದು, ನಾಲ್ಕು ಮೂಲೆಗೆ ರಬ್ಬರ್ ಗುಂಡಿ ಅಂಟಿಸಿ. ಗಾಳಿ ಅಡಿಯಲ್ಲೂ ಆಡಲಿ.

ಚಪ್ಪಟೆಯಾಗಿದೆಯೇ ಎಂದು ನೋಡಲು ಉಕ್ಕಿನ ಅಳತೆಪಟ್ಟಿಯನ್ನು ಎರಡೂ ಕರ್ಣಗಳಿಗೆ ಅಂಚಿನ ಮೇಲೆ ನಿಲ್ಲಿಸಿ, ಬೆಳಕಿಗೆ ಹಿಡಿಯಿರಿ. ಅಡಿಯಲ್ಲಿ ಪೋಸ್ಟ್‌ಕಾರ್ಡಿನ ದಪ್ಪಕ್ಕಿಂತ ಹೆಚ್ಚು ಸಂದು ಕಂಡರೆ ಹಿಂತಿರುಗಿಸಿ. ಅಕ್ಷರ, ಅಂಕಿ ಮುದ್ರಿಸಿದ ಬೋರ್ಡಾದರೆ ಎ1 ಮನೆ (ಬಿಳಿ ಆಡುವವರ ಎಡಗೈ ಮೂಲೆ) ಕಪ್ಪಾಗಿದೆಯೇ ನೋಡಿ. ಅಗ್ಗದ ಬೋರ್ಡುಗಳಲ್ಲಿ ಕೆಲವೊಮ್ಮೆ ಇದೇ ತಪ್ಪಿರುತ್ತದೆ, ಮಕ್ಕಳು ತಪ್ಪನ್ನೇ ಕಲಿಯುತ್ತಾರೆ. ಆಟಗಾರರ ಬಲಗೈ ಮೂಲೆ ಯಾವಾಗಲೂ ಬಿಳಿ ಮನೆ.

ಬಣ್ಣದ ಹೊಂದಾಣಿಕೆಗೆ ಒಂದೇ ಸೂತ್ರ: ಕಪ್ಪು ಕಾಯಿ ಕಪ್ಪು ಮನೆಗಿಂತ ಗಾಢವಾಗಿರಲಿ. ಶೀಶಮ್ ಕಾಯಿಗೆ ಶೀಶಮ್ ಬೋರ್ಡು ಕೇಳಲು ಜೋಡಿಯೆನಿಸುತ್ತದೆ, ಆದರೆ ಸಂಜೆಯ ಟ್ಯೂಬ್‌ಲೈಟಿನಲ್ಲಿ ಕಂದು ಮನೆಯ ಮೇಲಿನ ಕಂದು ಕಾಲಾಳು ಕಾಣದೇ ಹೋಗುತ್ತದೆ. ಶೀಶಮ್ ಕಾಯಿಗೆ ತೆಳು ಕಂದಿನ ಬೋರ್ಡು ಒಪ್ಪುತ್ತದೆ. ಕನ್ನಡಿಯಂಥ ಹೊಳಪಿನ ಪಾಲಿಶ್ ಬೇಡವೇ ಬೇಡ. ದೀಪದ ಪ್ರತಿಬಿಂಬ ಕಣ್ಣಿಗೆ ಹೊಡೆಯುತ್ತದೆ, ಗೀರೂ ಬೇಗ ಎದ್ದು ಕಾಣುತ್ತದೆ. ಕ್ಲಬ್ಬುಗಳಲ್ಲಿ ಹಸಿರು–ಕೆನೆ ಬಣ್ಣದ ವಿನೈಲ್ ಹಾಳೆ ಬಳಸುವುದು ಅಗ್ಗವೆಂಬ ಕಾರಣಕ್ಕಷ್ಟೇ ಅಲ್ಲ. ಕಪ್ಪು, ಬಿಳಿ ಎರಡೂ ಕಾಯಿಗಳು ಅದರ ಮೇಲೆ ನಿಚ್ಚಳವಾಗಿ ಕಾಣುತ್ತವೆ.

ಆ ವಿನೈಲ್ ಸೆಟ್ಟನ್ನೂ ಒಂದು ಕೊಂಡಿಡಿ ಎಂದು ನಿಜವಾಗಿ ಹೇಳುತ್ತೇನೆ. ತೂಕ ತುಂಬಿದ ಪ್ಲಾಸ್ಟಿಕ್ ಕಾಯಿ, 57 ಮಿಮೀ ಮನೆಯ ಸುರುಳಿ ಬೋರ್ಡು: ಮರದ ಸೆಟ್ಟಿನ ಬೆಲೆಯ ಸಣ್ಣ ಪಾಲಿಗೆ ಸಿಗುತ್ತದೆ. ಪಂದ್ಯಾವಳಿಗೆ, ಜಗಲಿಗೆ, ಗೆಳೆಯರ ಮನೆಗೆ ಮಕ್ಕಳು ಅದನ್ನೇ ಒಯ್ಯಲಿ. ಮರದ ಸೆಟ್ಟಿನ ಆಯುಷ್ಯ ಅದರಿಂದಲೇ ಹೆಚ್ಚುತ್ತದೆ. ಒಂದು ಎಚ್ಚರ: ಪ್ಲಾಸ್ಟಿಕ್ ಕಾಯಿಗಳನ್ನು ವಿನೈಲ್ ಹಾಳೆಯಲ್ಲಿ ಸುತ್ತಿ ತಿಂಗಳುಗಟ್ಟಲೆ ಇಡಬೇಡಿ. ಹಾಳೆಯನ್ನು ಮೆದುವಾಗಿಸುವ ಎಣ್ಣೆಯಂಥ ಅಂಶ ಕಾಯಿಗೆ ಇಳಿದು ಅಂಟಂಟಾಗುತ್ತದೆ.

ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಮಾರುವವರಿಗೆ ಬರೆದು ಕೇಳಿ: ರಾಜನ ಎತ್ತರ ಮತ್ತು ಬುಡ, ಕಾಲಾಳಿನ ಬುಡ, ಎಲ್ಲ ಕಾಯಿಗಳ ಒಟ್ಟು ತೂಕ, ಕಪ್ಪು ಕಾಯಿ ಬಣ್ಣ ಹಚ್ಚಿದ್ದೋ ಅಸಲು ಮರವೋ, ತೂಕಕ್ಕೆ ಬಳಸಿದ ಲೋಹ, ಒಂದು ಕಾಯಿ ಕಳೆದರೆ ಬಿಡಿಯಾಗಿ ಸಿಗುತ್ತದೆಯೇ. ನಿಮ್ಮ ಅಳತೆಯ ತೂಕ ತುಂಬಿದ ಸೆಟ್ಟು ಒಂದರಿಂದ ಒಂದೂವರೆ ಕಿಲೋ ಇರಬೇಕು. ಅರ್ಧ ಕಿಲೋ ಎಂದರೆ ಒಳಗೆ ತೂಕವಿಲ್ಲ. 32 ಅಲ್ಲ, 34 ಕಾಯಿಗಳ ಸೆಟ್ ಕೇಳಿ, ಹೆಚ್ಚಿನ ಎರಡು ಮಂತ್ರಿಗಳು. ಕಾಲಾಳು ಎಂಟನೇ ಸಾಲು ಮುಟ್ಟಿದಾಗ ಆನೆಯನ್ನು ತಲೆಕೆಳಗಾಗಿ ನಿಲ್ಲಿಸಿ "ಇದು ಮಂತ್ರಿ" ಎನ್ನುವ ರೂಢಿ ಮಕ್ಕಳಿಗೆ ಬೇಡ. ಫಿಡೆ ಪಂದ್ಯದಲ್ಲಿ ತಲೆಕೆಳಗಾದ ಆನೆ ಆನೆಯೇ.

ಸೆಟ್ಟು ಮನೆಗೆ ಬಂದ ದಿನವೇ ಗಾಜಿನ ಮೇಲೆ ಹದಿನಾರು ಕಾಲಾಳುಗಳನ್ನು ಸಾಲಾಗಿ ನಿಲ್ಲಿಸಿ, ಕಣ್ಣನ್ನು ಅದೇ ಮಟ್ಟಕ್ಕೆ ತಂದು ನೋಡಿ. ತಲೆಗಳು ಒಂದೇ ಗೆರೆಯಲ್ಲಿರಬೇಕು. ನಾಲ್ಕು ಕುದುರೆಗಳನ್ನು ಅಕ್ಕಪಕ್ಕ ನಿಲ್ಲಿಸಿ. ಕೈಕೆಲಸವಾದ್ದರಿಂದ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ, ಆದರೆ ಒಂದು ಕುದುರೆ ಇನ್ನೊಂದರ ಮರಿಯಂತೆ ಕಾಣಬಾರದು.

ಹಳೆಯ ಸೆಟ್ಟನ್ನು ಎಸೆಯಬೇಡಿ. ಮುರಿದ ಶಿಲುಬೆಯ ತುಂಡು ಇದ್ದರೆ ಎರಡೂ ಬದಿಗೆ 1 ಮಿಮೀ ಡ್ರಿಲ್ ಮೊನೆಯಿಂದ ನಾಲ್ಕೈದು ಮಿಮೀ ಆಳದ ತೂತು ಮಾಡಿ, ಹಿತ್ತಾಳೆ ತಂತಿಯ ತುಂಡೊಂದನ್ನು ನಡುವೆ ಕೂರಿಸಿ, ಎರಡು ಟ್ಯೂಬಿನ ಎಪಾಕ್ಸಿಯಿಂದ ಅಂಟಿಸಿ, ಒಂದು ದಿನ ಮುಟ್ಟದೆ ಬಿಡಿ. ಕ್ಷಣದಲ್ಲಿ ಹಿಡಿಯುವ ಅಂಟು ಇಲ್ಲಿಗೆ ಸಲ್ಲದು. ಅದು ಪೆಡಸು, ಮುಂದಿನ ಪೆಟ್ಟಿಗೇ ಬಿಡುತ್ತದೆ, ಸುತ್ತ ಬಿಳಿ ಮಂಜೂ ಕಟ್ಟುತ್ತದೆ. ಕುದುರೆಯ ಕಿವಿ ಕಳೆದುಹೋಗಿದ್ದರೆ ಇನ್ನೊಂದು ಕಿವಿಯನ್ನೂ 220 ನಂಬರಿನ ಮರಳುಕಾಗದದಿಂದ ಅಷ್ಟೇ ಮೊಂಡು ಮಾಡಿ, ಚೂರು ಮೇಣ ಹಚ್ಚಿ.

ಬುಡದ ಬಟ್ಟೆ ಕಿತ್ತು ಬರುವುದಕ್ಕೆ ಕಾರಣ ನೀರಿನಲ್ಲಿ ಕರಗುವ ಅಗ್ಗದ ಅಂಟು. ಹಳೆಯ ಅಂಟನ್ನು ಚಾಕುವಿನಿಂದ ಕೆರೆದು, ಗಾಜಿನ ಮೇಲೆ 180 ನಂಬರಿನ ಮರಳುಕಾಗದ ಹರಡಿ ಬುಡವನ್ನು ಅದರ ಮೇಲೆ ಎಂಟರ ಆಕಾರದಲ್ಲಿ ಉಜ್ಜಿದರೆ ಸಮತಟ್ಟಾಗುತ್ತದೆ. ಒಂದು ಮಿಮೀ ದಪ್ಪದ ಫೆಲ್ಟನ್ನು ಬುಡಕ್ಕಿಂತ ಸುತ್ತಲೂ ಒಂದು ಮಿಮೀ ಚಿಕ್ಕದಾಗಿ ಕತ್ತರಿಸಿ. ಅಂಚಿಗೆ ಸಮನಾಗಿದ್ದರೆ ಬೆರಳು ತಾಗಿ ಏಳುತ್ತದೆ. ಚಪ್ಪಲಿ ರಿಪೇರಿಗೆ ಬಳಸುವ ರಬ್ಬರ್ ಅಂಟನ್ನು ಎರಡೂ ಬದಿಗೆ ತೆಳ್ಳಗೆ ಸವರಿ, ಹತ್ತು ನಿಮಿಷ ಆರಲು ಬಿಟ್ಟು ಒತ್ತಿ. ಬಟ್ಟೆ ಕಿತ್ತ ಹೊತ್ತಿನಲ್ಲೇ ತೂಕವನ್ನೂ ಸೇರಿಸಬಹುದು. ಟೊಳ್ಳು ಪ್ಲಾಸ್ಟಿಕ್ ಕಾಯಿಗಳಿಗಂತೂ ಇದು ಹೊಸ ಜೀವ: ಕಾಲಾಳಿಗೆ ಸುಮಾರು ಹತ್ತು ಗ್ರಾಂ, ರಾಜ ಮಂತ್ರಿಗೆ ಇಪ್ಪತ್ತೈದರಿಂದ ಮೂವತ್ತು ಗ್ರಾಂ ಬರುವಷ್ಟು ಕಬ್ಬಿಣದ ನಟ್ಟು, ವಾಷರುಗಳನ್ನು ಎಂ-ಸೀಲ್‌ನಲ್ಲಿ ಹುದುಗಿಸಿ ತಳದಲ್ಲೇ ಕೂರಿಸಿ. ಮೇಲಕ್ಕೆ ತುಂಬಿದರೆ ಉಪಯೋಗವಿಲ್ಲ.

ಕರಾವಳಿಯಲ್ಲಿ ಕಾಪಾಡುವ ಬಗೆ ಸುಲಭ. ಸೆಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಬೇಡಿ, ತೇವ ಒಳಗೇ ಸಿಕ್ಕಿಕೊಂಡು ಬೂಷ್ಟು ಹಿಡಿಯುತ್ತದೆ. ದಿನಾ ಆಡುವವರು ಬೋರ್ಡಿನ ಮೇಲೆಯೇ ನಿಲ್ಲಿಸಿ ಹತ್ತಿಬಟ್ಟೆ ಹೊದಿಸಿದರೆ ಸಾಕು. ಬೋರ್ಡು ಹೊರಗೋಡೆಗೆ ತಾಗಿರಬಾರದು, ಕಿಟಕಿಯ ಬಿಸಿಲಿಗೆ ಬೀಳಬಾರದು. ಊರಿಗೆ ಹೋಗುವಾಗ ಕಪ್ಪು ಬಿಳಿ ಕಾಯಿಗಳನ್ನು ಬೇರೆ ಬೇರೆ ಬಟ್ಟೆಚೀಲದಲ್ಲಿ, ಕುದುರೆ ಮತ್ತು ರಾಜನನ್ನು ಮಾತ್ರ ಮೆತ್ತನೆಯ ತುಂಡಿನಲ್ಲಿ ಸುತ್ತಿ ಇಡಿ. ಬೂಷ್ಟು ಕಂಡರೆ ಒಣ ಬಟ್ಟೆಯಿಂದ ಒರೆಸಿ ಫ್ಯಾನಿನ ಗಾಳಿಗೆ ಬಿಡಿ. ಆರು ತಿಂಗಳಿಗೊಮ್ಮೆ ಜೇನುಮೇಣದ ತೆಳು ಪದರ ಸವರಿ ಉಜ್ಜಿ ತೆಗೆಯಿರಿ. ಕೊಬ್ಬರಿ ಎಣ್ಣೆ ಹಚ್ಚುವ ಮನಸ್ಸಾದೀತು, ಬೇಡ. ಅದು ಕಮಟಿ ಧೂಳು ಹಿಡಿಯುತ್ತದೆ. ಬಿಳಿ ಕಾಯಿಯಲ್ಲಿ ಗುಂಡುಸೂಜಿ ತಲೆಯಷ್ಟು ತೂತು, ಅಡಿಯಲ್ಲಿ ಹಿಟ್ಟಿನಂಥ ಪುಡಿ ಕಂಡರೆ ಅದು ಕೊರೆಹುಳು. ಆ ಕಾಯಿಯನ್ನು ಅಂದೇ ಬೇರೆ ಮಾಡಿ, ಗಾಳಿಯಾಡದ ಚೀಲದಲ್ಲಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಿ.

ಷಿಕಾಗೋದ ತಮ್ಮನ ವಿಷಯ. ಶೀಶಮ್, ಬೀಟೆ ಸೇರಿದಂತೆ ಡಾಲ್ಬರ್ಜಿಯಾ ಕುಲದ ಬಹುತೇಕ ಮರಗಳು ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟೀಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ, 2017ರಿಂದ. ಒಂದು ಸಾಗಣೆಯ ಸಿದ್ಧ ವಸ್ತುಗಳಲ್ಲಿ ಆ ಮರದ ತೂಕ 10 ಕಿಲೋ ಮೀರದಿದ್ದರೆ ವಿನಾಯಿತಿ ಇದೆ, ಒಂದು ಸೆಟ್ಟು ಅದರೊಳಗೆ ಸುಲಭವಾಗಿ ಬರುತ್ತದೆ. ಆದರೂ ಬಿಲ್ಲಿನಲ್ಲಿ ಬರೀ "ರೋಸ್‌ವುಡ್" ಎಂದಿರುವುದಕ್ಕಿಂತ ಮರದ ಸಸ್ಯಶಾಸ್ತ್ರೀಯ ಹೆಸರು, ಡಾಲ್ಬರ್ಜಿಯಾ ಸಿಸ್ಸೂ, ಮತ್ತು ತೂಕ ಬರೆಸಿಕೊಳ್ಳಿ. ತಪಾಸಣೆಯವರ ಪ್ರಶ್ನೆಗೆ ಉತ್ತರಿಸುವುದು ಸುಲಭವಾಗುತ್ತದೆ. ಹವೆ ಮಾತ್ರ ದೊಡ್ಡ ಪರೀಕ್ಷೆ. ಮಳೆಗಾಲದ ಉಡುಪಿಯಿಂದ ಹೊರಟ ಮರ ಚಳಿಗಾಲದಲ್ಲಿ ಹೀಟರ್ ಉರಿಯುವ ಷಿಕಾಗೋ ಕೋಣೆಗೆ ಹೋದರೆ ಗಾಳಿಯ ತೇವಾಂಶ ಶೇ 80ರಿಂದ 25ಕ್ಕೆ ಇಳಿದಂತೆ. ಬುಡ ಸೀಳುವುದು ಆಗಲೇ. ಕಳಿಸುವುದಿದ್ದರೆ ಮಾರ್ಚ್–ಏಪ್ರಿಲ್‌ನಲ್ಲಿ, ಸಾಧ್ಯವಾದರೆ ಅಮೃತಸರದಿಂದ ನೇರವಾಗಿ ಕಳಿಸಿ. ಪೆಟ್ಟಿಗೆ ತಲುಪಿದ ಮೇಲೆ ಒಂದು ವಾರ ಮುಚ್ಚಳವನ್ನು ಬೆರಳಷ್ಟು ಮಾತ್ರ ತೆರೆದು ಕೋಣೆಯಲ್ಲಿಡಲಿ, ಆಮೇಲೆ ಕಾಯಿಗಳನ್ನು ಹೊರಗೆ ತೆಗೆಯಲಿ. ಹೀಟರಿನ ಗಾಳಿ ಬೀಸುವ ಜಾಗ ಬಿಟ್ಟು ಬೋರ್ಡು ಇಡಲಿ, ಚಳಿಗಾಲದಲ್ಲಿ ಕೋಣೆಯ ತೇವಾಂಶವನ್ನು ಹ್ಯುಮಿಡಿಫೈಯರಿನಿಂದ ಶೇ 40ರ ಹತ್ತಿರ ಉಳಿಸಿಕೊಳ್ಳಲಿ.